ಖಂಡೇನವಮಿಯ ದಿನ ಕೊಡಲಿಗೂ ಸೂಟಿ

ಆದರೂ, ಜಗತ್ತು ಮುಳುಗಿದರೆ ಕೈಗೆ ಯಾವ ಆಯುಧ ಬೇಕು ಎಂಬ ನಮ್ಮ ಗ್ರೂಪಿನ ವಾದದಲ್ಲಿ ನನ್ನ ಮತ ಕೊಡಲಿಗೇ, ಗೆಳೆಯರೇ. ಜಗತ್ತು ಮುಳುಗಿದ ಮೇಲೆ ಬಂದೂಕಿಗೆ ಗುಂಡು ಎಲ್ಲಿ ಸಿಗುತ್ತದೆ? ಕುಡಗೋಲಿನ ಹಿಡಿ ಗಿಡ್ಡ, ಶತ್ರು ತೀರಾ ಹತ್ತಿರ ಬರಬೇಕು. ಕೊಡಲಿಯಾದರೆ ಒಲೆಗೆ ಕಟ್ಟಿಗೆಯನ್ನೂ ಸೀಳುತ್ತದೆ. 'ಕೈಯಲ್ಲಿ ಹಿಡಿದ ಫೋಟೋ ಹಾಕು, ಇಲ್ಲದಿದ್ದರೆ ಸೋತೆ' ಎಂದು ನೀವೇ ಇವತ್ತು ಸಂಜೆಯ ಗಡುವು ಕೊಟ್ಟಿರಿ. ಅದಕ್ಕೇ ಬೆಳಿಗ್ಗೆ ಸೊಲ್ಲಾಪುರದಿಂದ ಬಸ್ಸು ಹಿಡಿದು ಹನ್ನೂರಿನ ಅಜ್ಜಿಯ ಮನೆಗೆ ಬಂದೆ.

ಇವತ್ತು ಖಂಡೇನವಮಿ, ಆಯುಧಪೂಜೆ ಅನ್ನೋದೇ ಮರೆತಿದ್ದೆ. ಪಡಸಾಲೆಯಲ್ಲಿ ಕೊಡಲಿ, ಕುಡಗೋಲು, ಸಲಿಕೆ ಎಲ್ಲ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಏರಿಸಿಕೊಂಡು ಸಾಲಾಗಿ ಮಲಗಿದ್ದವು. ನಾನು ಕೈ ಚಾಚಿದ್ದಷ್ಟೇ.

"ಏ, ಮುಟ್ಟಬ್ಯಾಡ! ಇವತ್ತ ಅವಕ್ಕ ಸೂಟಿ," ಎಂದು ಅಜ್ಜಿ ಗದರಿದಳು.

"ಆಯಿ, ಒಂದ ಫೋಟೋ ಅಷ್ಟ. ಜಗತ್ತ ಮುಳುಗಿದ್ರ ಇದೇ ನನ್ನ ಹತ್ಯಾರ."

"ಎಲ್ಲಾರೂ ಸತ್ತಮ್ಯಾಲ ಯಾರನ್ನ ಕಡಿಯಾಂವ ನೀ? ಸುಮ್ನ ಕೂತು ಹೋಳಿಗಿ ತಿನ್ನು."

ತಿನ್ನುತ್ತಾ ಕಣ್ಣು ಮುಚ್ಚಿದೆ. ಅಕ್ಕಲಕೋಟ ರಸ್ತೆಯಲ್ಲಿ ಒಂದೂ ಬಸ್ಸಿಲ್ಲ. ಎರಡೂ ಕಡೆ ಹಳದಿ ಹೂಬಿಟ್ಟ ತೊಗರಿ. ಹೆಗಲ ಮೇಲೆ ಕೊಡಲಿ ಹೊತ್ತು ನಾನೊಬ್ಬನೇ ನಡೆಯುತ್ತಿದ್ದೇನೆ, ಗಾಳಿಯ ಸದ್ದೂ ಕೇಳುತ್ತಿದೆ. ಎಷ್ಟು ಚೆಂದ! ಆದರೆ ಇನ್ನೊಂದು ಹೋಳಿಗೆ ಬಡಿಸುವವರು ಯಾರೂ ಇರಲಿಲ್ಲ.

ಕಣ್ಣು ತೆರೆದರೆ ಅಜ್ಜಿ ಪೂಜೆಯ ಮುಂದೆ ಕಾವಲು ಕೂತಿದ್ದಳು. ಫೋಟೋ ಇಲ್ಲ, ನಾನು ಸೋತೆ, ಒಪ್ಪಿದೆ. ಆದರೆ ಖಂಡೇನವಮಿಯ ದಿನವೇ ಜಗತ್ತು ಮುಳುಗಿದರೆ, ನಮ್ಮ ಆಯಿಯನ್ನು ದಾಟಿ ಆ ಕೊಡಲಿ ಎತ್ತುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ?