ಅವರೆಕಾಯಿ ಬಿಡಿಸುತ್ತಾ ಕಾಯುವ ಮಾರಿಯಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಜಿಎಫ್‌ನ ಆಸ್ಪತ್ರೆಯೊಂದರ ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸ್ ಮಾರಿಯಮ್ಮ ಮೊರದ ತುಂಬ ಅವರೆಕಾಯಿ ಹರವಿಕೊಂಡು ಕೂತಿದ್ದಾರೆ. ಎದುರಿಗೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಕೋದಂಡಪ್ಪ. ಹೆಸರು ಬದಲಿಸಿದ್ದೇನೆ. ಬಂಗಾರಪೇಟೆ ಕಡೆಯ ಇಟ್ಟಿಗೆ ಗೂಡಿನ ಕೂಲಿಯವರು. ಬೆನ್ನು ಕೈಕೊಟ್ಟು ಮನೆ ಸೇರಿದ ಮೇಲೆ ಬದುಕು ಬೇಡವೆನಿಸಿ, ಜೀವ ಕಳೆದುಕೊಳ್ಳಲು ಹೋಗಿ ಉಳಿದವರು. ಇಂಥವರನ್ನು ಕಣ್ಣಳತೆಯಿಂದ ಆಚೆ ಬಿಡದಿರುವುದೇ ಮಾರಿಯಮ್ಮನ ಕೆಲಸ.

ವಾರ್ಡಿನಲ್ಲಿ ಅವರೆಕಾಯಿಗೇನು ಕೆಲಸ? ಕೇಳಿದರೆ ನಗುತ್ತಾರೆ. “ಸುಮ್ನೆ ಮೊಕ ನೋಡ್ಕೊಂಡು ಕುಂತ್ರೆ ಪೊಲೀಸ್ನೋರು ಕುಂತಂಗಿರ್ತದೆ ಸಾರ್. ಕೈಗೆ ಕೆಲ್ಸ ಇದ್ರೆ ಬಾಯಿ ತಾನೇ ಬಿಡ್ತದೆ.” ಅವರೆ ಕಾಲ ಮುಗಿದರೆ ಸೊಪ್ಪು. ಡಾಕ್ಟರೂ ಒಮ್ಮೊಮ್ಮೆ ಬಂದು ಒಂದು ಹಿಡಿ ಬಿಡಿಸಿ ಹೋಗುತ್ತಾರಂತೆ.

ಮಾರಿಯಮ್ಮ ಇಲ್ಲಿನ ಗಣಿ ಕಾಲೊನಿ ಚಾಂಪಿಯನ್ ರೀಫ್ಸ್‌ನವರು. ಅಪ್ಪ ಗಣಿಯಿಂದ ಮೇಲೆ ಬರುವವರೆಗೂ ಅಮ್ಮ ಅನ್ನ ಮುಟ್ಟುತ್ತಿರಲಿಲ್ಲ; ಕಾಯುವುದನ್ನು ಅಲ್ಲೇ ಕಲಿತೆ ಎನ್ನುತ್ತಾರೆ. ವಾರ್ಡಿನಿಂದ ಮನೆಗೆ ಹೋದ ಮೇಲೆ ಜೀವ ಉಳಿಯದವರೂ ಇದ್ದಾರೆ. ಆ ವಿಷಯ ಬಂದರೆ ಮೊರದತ್ತ ಬಗ್ಗಿ ಕಾಯಿ ಬಿಡಿಸತೊಡಗುತ್ತಾರೆ.

ದಿನವೂ ಅವರು ನೇರವಾಗಿಯೇ ಕೇಳುತ್ತಾರೆ: “ಸಾಯ್ಬೇಕು ಅನ್ನಿಸ್ತಾ ಅಣ್ಣಾ?” ಕೋದಂಡಪ್ಪನ ಹೆಂಡತಿ ಗಾಬರಿಯಾಗಿ, “ಅದ್ನ ಯಾಕಮ್ಮಾ ನೆಪ್ಪು ಮಾಡ್ತೀಯ?” ಎಂದಿದ್ದರಂತೆ. “ಕೇಳಿದ್ರೆ ಆ ಯೋಚ್ನೆ ಉಟ್ಟಲ್ಲಕ್ಕಾ. ಕೇಳ್ದೆ ಬುಟ್ರೆ ಒಳ್ಗೇ ಬೆಳೀತದೆ.” ಆದರೆ ಕೋದಂಡಪ್ಪ ಬಂದಾಗಿನಿಂದ ಇಲ್ಲವೆಂದೇ ತಲೆ ಅಲ್ಲಾಡಿಸಿದ್ದಾರೆ. ಮಾರಿಯಮ್ಮ ಅದನ್ನು ನಂಬಿಲ್ಲ. ಇಲ್ಲೇ ಬಾಯಿ ಬಿಡದವರು ಮನೆಗೆ ಹೋಗಿ ಯಾರಿಗೆ ಹೇಳಿಯಾರು ಎಂಬುದೇ ಅವರ ಚಿಂತೆ.

ಈಗ ಕಾಯಿ ಬಿಡಿಸುತ್ತಿದ್ದ ಕೋದಂಡಪ್ಪನ ಕೈ ನಿಲ್ಲುತ್ತದೆ. “ಸಿಸ್ಟ್ರೇ, ಎದ್ದಾಗಿಂದ ಮತ್ತೆ ಅದೇ ಯೋಚ್ನೆ ಬತ್ತಾ ಐತೆ.”

ನಾನು ಗಾಬರಿಯಾಗಿ ಎದ್ದು ನಿಲ್ಲುತ್ತೇನೆ. ಮಾರಿಯಮ್ಮನ ಮುಖದಲ್ಲಿ ಮಾತ್ರ ನಿರಾಳ. “ಬಾಯ್ಬಿಟ್ಟು ಏಳಿದ್ಯಲ್ಲಣ್ಣಾ, ಅಷ್ಟು ಸಾಕು. ನಾನು ಇಲ್ಲೇ ಇರ್ತೀನಿ,” ಎಂದು ಅವರ ಕೈ ಹಿಡಿದುಕೊಂಡೇ ಡಾಕ್ಟರನ್ನು ಕರೆಸುತ್ತಾರೆ. ಡಾಕ್ಟರು ಪಕ್ಕದಲ್ಲಿ ಕೂತು ಅವಸರವಿಲ್ಲದೆ ಮಾತಾಡುತ್ತಾರೆ. ಕೋದಂಡಪ್ಪ ಬಿಕ್ಕಿ ಬಿಕ್ಕಿ ಅಳುತ್ತಾರೆ, ಆಮೇಲೆ ಕಾಫಿ ಕೇಳುತ್ತಾರೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತರಲು ಓಡುತ್ತಾರೆ. ನಾನೂ ಮತ್ತೆ ಕೂರುತ್ತೇನೆ.

ಗುಣವಾಗಿ ಹೋದವರು ಮತ್ತೆ ಸಿಗುತ್ತಾರಾ? ಮಾರಿಯಮ್ಮನನ್ನು ಕೇಳುತ್ತೇನೆ.

“ಮಾರಿಕುಪ್ಪಂ ಟ್ರೈನಲ್ಲಿ ಸಿಕ್ತಾರೆ ಸಾರ್. ಇಲ್ಲಿದ್ದಿದ್ದು ಜೊತೇಲಿರೋರಿಗೆ ಗೊತ್ತಾಗ್ತದೆ ಅಂತ ಮೊಕ ತಿರುಗಿಸ್ಕೊಂತಾರೆ. ನಂಗೇನು ಬೇಜಾರಿಲ್ಲ. ಬದುಕವ್ರಲ್ಲ, ಅದೇ ಸಂತೋಸ.”

ಮೊರದ ಆಚೆಯಿಂದ ಕೋದಂಡಪ್ಪ, ತಲೆಯೆತ್ತದೆ ಇನ್ನೊಂದು ಕಾಯಿ ಬಿಡಿಸುತ್ತಾ ಹೇಳುತ್ತಾರೆ: “ನಾನು ಮಾತಾಡಿಸ್ತೀನಿ ಬುಡಮ್ಮಾ.”