ಅಟ್ಟದ ಕಾಯಲ್ಲಿ ಇನ್ನೂ ನೀರಿದೆ

ನಮ್ಮ ಮನೆಯವರು ತೀರಿಕೊಳ್ಳುವ ಮೂರು ತಿಂಗಳ ಮೊದಲು ತಾವೇ ಅಟ್ಟಕ್ಕೆ ಏರಿಸಿದ ಕಾಯಿ ಅದು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ, ಹತ್ತು ಹನ್ನೆರಡು ತಿಂಗಳು ಅದರ ಪಾಡಿಗೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತದೆ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ನೀರಿದ್ದರೆ ಕುಳಕುಳ ಅನ್ನುತ್ತದೆ, ಆಗಿದ್ದರೆ ಗಡಗಡ ಅನ್ನುತ್ತದೆ. ಗಡಗಡ ಅಂದ ಮೇಲೆ ಇಳಿಸಿಬಿಡಬೇಕು. ತಡ ಮಾಡಿದರೆ ಹುಳ ಬೀಳುತ್ತದೆ.

ಆ ಕಾಯಿಗೆ ಹದಿನೈದು ತಿಂಗಳಾಗಿತ್ತು. ವಾರಕ್ಕೊಂದು ಸಲ ಮೈದುನ ಕೇಳುತ್ತಿದ್ದ, "ಅತ್ಗೆ, ಇಳ್ಸನಾ?" ನಾನು ಏಣಿ ಹತ್ತಿ, ಕೈಗೆ ಸಿಕ್ಕ ಒಂದು ಕಾಯಿ ಅಲ್ಲಾಡಿಸಿ, "ಇನ್ನೂ ನೀರಿದೆ" ಅಂತ ಹೇಳಿ ಇಳಿದು ಬರುತ್ತಿದ್ದೆ. ಅದು ಗಡಗಡ ಅಂದದ್ದು ಕೆಳಗೆ ನಿಂತವನಿಗೂ ಕೇಳುತ್ತಿತ್ತು. ಅತ್ತೆಯ ಕಿವಿ ತುಸು ಮಂದ, ಅವರಿಗೂ ಕೇಳುತ್ತಿತ್ತು. ಆದರೂ "ಇದ್ದಾತು ಬುಡಿ, ಈ ಸಲ ಮಳೆ ಜಾಸ್ತಿ" ಅಂತ ಮೈದುನ ತಲೆ ಕೆರೆದುಕೊಂಡು ಹೋಗುತ್ತಿದ್ದ. ಆ ವರ್ಷ ಮಳೆ ಅಷ್ಟೇನೂ ಬಂದಿರಲಿಲ್ಲ.

ಹೀಗಿರುವಾಗ ಮಂಡಿಯವರ ಫೋನು ಬಂತು. ನಮ್ಮ ಕೊಬ್ಬರಿ ತಿಪಟೂರಿನ ಮಂಡಿಯ ಮೂಲಕ ಬೆಂಗಳೂರಿನ ಒಂದು ಸಿಹಿತಿಂಡಿ ಕಂಪನಿಗೆ ಹೋಗುತ್ತದೆ. ಆ ಕಂಪನಿಯವರು ತಮ್ಮಿಂದ ಗಾಳಿಗೆ ಸೇರುವ ಹೊಗೆ ಕಡಿಮೆ ಮಾಡಲು ಹೊರಟಿದ್ದರಂತೆ. ಫ್ಯಾಕ್ಟರಿ ಮೇಲೆ ಸೋಲಾರ್ ಹಾಕಿಸಿದರಂತೆ, ವ್ಯಾನುಗಳನ್ನೆಲ್ಲ ಕರೆಂಟಿನವು ಮಾಡಿದರಂತೆ. ಆಮೇಲೆ ಕೂತು ನೋಡಿದರೆ ಹೆಚ್ಚಿನ ಹೊಗೆ ಅವರ ಗೇಟಿನ ಆಚೆಯೇ ಇದೆಯಂತೆ, ತರಿಸಿಕೊಳ್ಳುವ ಹಾಲು, ಸಕ್ಕರೆ, ಕೊಬ್ಬರಿ ತಯಾರಾಗುವಲ್ಲಿ. ಅದಕ್ಕೆ ಸರಕು ಹೊರಡುವ ಮನೆಗಳಿಗೇ ಬಂದು ನೋಡುತ್ತಾರೆ, ನಿಮ್ಮ ಬಿಳಿಗೆರೆ ಕಡೆಯಿಂದ ನಿಮ್ಮ ಮನೆ ಆರಿಸಿದ್ದಾರೆ ಅಂದರು.

ಇಷ್ಟು ಮಾತಿನಲ್ಲಿ ಮೈದುನನ ತಲೆಗೆ ಹೋದದ್ದು "ಬಂದು ನೋಡುತ್ತಾರೆ" ಅನ್ನುವುದೊಂದೇ. ಅವನ ಅನುಭವದಲ್ಲಿ ನೋಡಲು ಬಂದವರು ಯಾರೇ ಇರಲಿ, ಬ್ಯಾಂಕಿನವರಾಗಲಿ ಇಲಾಖೆಯವರಾಗಲಿ, ಮೊದಲು ಕೇಳುವುದು "ಮಿಷನ್ ಎಲ್ರೀ?" ಅಂತಲೇ.

"ಅಡಿಕೆ ದಬ್ಬೆ ಅಟ್ಟ, ಕೆಳಗೆ ಎಮ್ಮೆ, ಇದನ್ನೆಲ್ಲ ನೋಡಿದ್ರೆ ಏನಂದ್ಕತಾರೆ ಅತ್ಗೆ? ಅಜ್ಜನ ಕಾಲ್ದಲ್ಲೇ ಅವ್ರೆ ಅನ್ನಲ್ವಾ?"

ಅದೇ ವಾರ ತುರುವೇಕೆರೆಗೆ ಹೋಗಿ, ಗೆಳೆಯನೊಬ್ಬನಿಂದ ಬೀರುವಿನಷ್ಟು ದೊಡ್ಡದೊಂದು ಕರೆಂಟಿನ ಡ್ರೈಯರ್ ಎರವಲು ತಂದ. ಕರೆಂಟನ್ನು ನಂಬುವ ಹಾಗಿಲ್ಲ ಅಂತ ಜೊತೆಗೊಂದು ಡೀಸೆಲ್ ಜನರೇಟರೂ ಟೆಂಪೋದಲ್ಲಿ ಬಂತು. ಎರಡಕ್ಕೂ ನೀರು ಹಾಕಿ ತೊಳೆದು, ಕುಂಕುಮ ಇಟ್ಟು, ದಾಸವಾಳ ಸಿಕ್ಕಿಸಿದ. ಉಂಡೆ ಕೊಬ್ಬರಿ ಡ್ರೈಯರಿನಲ್ಲಿ ಆಗುವುದೇ ಇಲ್ಲ. ಅದನ್ನು ಹೇಳಿದರೆ, "ಅವ್ರಿಗೇನ್ ಗೊತ್ತಾಯ್ತದೆ" ಅಂದ. ಬಂದವರು ತಲೆಯೆತ್ತಿ ನೋಡದಿರಲಿ ಅಂತ ಅಟ್ಟದ ಏಣಿಯನ್ನು ಹುಲ್ಲಿನ ಬಣವೆಯ ಹಿಂದೆ ಬಚ್ಚಿಟ್ಟ.

ಏಣಿ ಹೋದದ್ದು ನನಗೆ ಅನುಕೂಲವೇ ಆಯಿತು. ನೀರಿದೆಯಾ ಅಂತ ಯಾರೂ ಕೇಳುವ ಹಾಗಿರಲಿಲ್ಲ.

ಬಂದದ್ದು ಒಬ್ಬಳೇ ಹುಡುಗಿ, ಕಂಪನಿಯ ಕಾರಿನಲ್ಲಿ. ಕೈಯಲ್ಲಿ ಟ್ಯಾಬು. ಅವಳು ಕಾರಿನಿಂದ ಕಾಲು ಕೆಳಗಿಡುತ್ತಿದ್ದ ಹಾಗೆ ಮೈದುನ ಜನರೇಟರ್ ಶುರು ಮಾಡಿದ. ಅಂಗಳದ ತುಂಬ ಕಪ್ಪು ಹೊಗೆ. ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು.

"ಇದು ದಿನಕ್ಕೆ ಎಷ್ಟು ಡೀಸೆಲ್ ತಗೊಳುತ್ತೆ ಸರ್?"

"ಎಷ್ಟ್ ಬೇಕೋ ಅಷ್ಟು ಬರ್ಕಳಿ ಮೇಡಂ, ಸಂಕೋಚ ಬ್ಯಾಡ. ಒಳ್ಳೆ ಪವರ್ರು!"

ಅವನು ಹೆಮ್ಮೆಯಿಂದ ಹೇಳುತ್ತಾ ಹೋದ ಹಾಗೆ ಅವಳ ಮುಖ ಸಣ್ಣದಾಗುತ್ತಾ ಹೋಯಿತು. ಕೊನೆಗೆ, "ಹೀಗಾದ್ರೆ ನಿಮ್ಮನೆ ಹೆಸರು ಪಟ್ಟಿಯಿಂದ ತೆಗೀಬೇಕಾಗುತ್ತೆ ಸರ್. ಕಡಿಮೆ ಹೊಗೆ ಇರೋರನ್ನೇ ನಾವು ಹುಡುಕ್ತಿರೋದು" ಅಂದಳು.

ಮೈದುನ ಓಡಿಹೋಗಿ ಜನರೇಟರ್ ನಿಲ್ಲಿಸಿದ. ಅದರ ಮೇಲಿದ್ದ ದಾಸವಾಳ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

ಜಗಲಿಯ ಮೇಲೆ ಕೂತಿದ್ದ ಅತ್ತೆ ಕೂಗಿದರು. "ಅದು ನಮ್ದಲ್ಲ ಕಣವ್ವ! ಎರವಲು ತಂದಿರಾದು. ನಮ್ ಕಾಯಿ ಅಟ್ಟದ್ ಮ್ಯಾಲೈತೆ."

ಹುಡುಗಿ ನನ್ನ ಕಡೆ ತಿರುಗಿದಳು. "ಅಟ್ಟದಲ್ಲಿ ಏನ್ ಉರಿಸಿ ಒಣಗಿಸ್ತೀರಾ ಆಂಟಿ? ಸೌದೆನಾ, ಚಿಪ್ಪಾ?"

"ಏನೂ ಉರಿಸಲ್ಲ."

"ಮತ್ತೆ ಹೇಗೆ ಒಣಗುತ್ತೆ?"

"ಇಟ್ಟರೆ ಒಣಗುತ್ತೆ."

ಅವಳು ಟ್ಯಾಬನ್ನು ಒತ್ತಿದಳು, ಮತ್ತೆ ಒತ್ತಿದಳು. ಏನು ಉರಿಸುತ್ತಾರೆ ಅನ್ನುವ ಜಾಗ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗುವುದಿಲ್ಲವಂತೆ. "ಶಾಖ ಎಲ್ಲಿಂದಾದ್ರೂ ಬರಬೇಕಲ್ಲ ಆಂಟಿ?"

"ಎಮ್ಮೇದು" ಅಂದರು ಅತ್ತೆ.

ನಮ್ಮ ಅಟ್ಟ ಇರುವುದು ಕೊಟ್ಟಿಗೆಯ ಮೇಲೆ. ಎಮ್ಮೆಯ ಮೈಶಾಖ ದಬ್ಬೆಯ ಸಂದಿನಲ್ಲಿ ಮೇಲೇರುತ್ತದೆ. ಹುಡುಗಿಯ ಮುಖ ಅರಳಿತು, ಮರುಕ್ಷಣ ಬಾಡಿತು. ಎಮ್ಮೆ ಮೆಲುಕು ಹಾಕುವಾಗ ತೇಗುತ್ತದಲ್ಲ, ಅದರಲ್ಲಿ ಬರುವ ಗ್ಯಾಸು ಹೊಗೆಗಿಂತ ಕೆಟ್ಟದ್ದು, ಅದನ್ನೂ ಬರೆದುಕೊಳ್ಳಬೇಕು ಅಂತ ಹಿಂಜರಿಯುತ್ತಾ ಹೇಳಿದಳು.

ಅತ್ತೆ ಜಗಲಿಯಿಂದ ಇಳಿದೇ ಬಂದರು. "ಏನಂದೆ? ನಮ್ಮೆಮ್ಮೆ ತೇಗಿದ್ದೂ ಬರ್ಕತೀಯಾ? ಮೂಕ್ ಪ್ರಾಣಿ ಹಸೀ ಹುಲ್ಲು ತಿಂದು ತೇಗ್ತದೆ. ನಿನ್ ಕಾರು ಬೆಂಗ್ಳೂರಿಂದ ಇಲ್ಗಂಟ ಹೊಗೆ ಬುಟ್ಕಂಡ್ ಬಂತಲ್ಲ, ಅದನ್ನ ಬರ್ಕಂಡ್ಯಾ? ತಿಪ್ಟೂರಿಗೆ ರೈಲೈತೆ ಕಣವ್ವ!"

ಕಾರಿನ ಡ್ರೈವರ್ ನಗು ತಡೆಯಲಾರದೆ ಬೇಲಿಯ ಕಡೆ ಮುಖ ಮಾಡಿದ. ಹುಡುಗಿ ಪೆಚ್ಚಾದಳು. "ಅದನ್ನೂ ಬರ್ಕೋತೀನಿ ಅಜ್ಜಿ" ಅಂದಳು. ನಿಜವಾಗಿಯೂ ಬರೆದುಕೊಂಡಳು.

ಆಮೇಲೆ, ಈಗ ಅಟ್ಟದಲ್ಲಿರುವ ಕಾಯಿ ನೋಡಬೇಕು ಅಂದಳು. ಮೈದುನ ನನ್ನ ಮುಖ ನೋಡಿದ. ನಾನು ಬೇಡ ಅನ್ನಲಿಲ್ಲ. ಬಣವೆಯ ಹಿಂದಿನಿಂದ ಏಣಿ ಬಂತು. ಮೊದಲು ನಾನು ಹತ್ತಿದೆ, ನನ್ನ ಹಿಂದೆ ಅವಳು.

ಮೇಲೆ ತೊಲೆಯ ಮೇಲೆ ಇದ್ದಲಿನಲ್ಲಿ ನಮ್ಮ ಮನೆಯವರು ಬರೆದದ್ದು ಇತ್ತು. "ಎಮ್ಮೆ ಕರ ಹಾಕಿ ಮೂರನೇ ದಿನ ಏರಿಸಿದ್ದು." ಅವರು ತಾರೀಕು ಬರೆದವರೇ ಅಲ್ಲ. ತಾರೀಕು ಮರೆತುಹೋಗುತ್ತದೆ, ಎಮ್ಮೆ ಮರೆತುಹೋಗುವುದಿಲ್ಲ ಅನ್ನುತ್ತಿದ್ದರು.

"ಇದು ಯಾವ ತಾರೀಕು ಆಂಟಿ? ಇಲ್ಲಿ ತಾರೀಕು ಕೇಳ್ತಿದೆ."

ಕೆಳಗೆ ಚರ್ಚೆ ಶುರುವಾಯಿತು. ಆವತ್ತು ಗಿಣ್ಣು ಕಾಯಿಸಿ ಹಂಚಿದ್ದು ಸೋಮವಾರ ಅಂದ ಮೈದುನ. ಸೋಮವಾರ ಅಲ್ಲ ಶುಕ್ರವಾರ, ಪಕ್ಕದ ಮನೆಯವಳಿಗೆ ಗಿಣ್ಣು ಹಾಕಿಕೊಟ್ಟ ಸ್ಟೀಲ್ ಡಬ್ಬಿ ಇನ್ನೂ ವಾಪಸ್ ಬಂದಿಲ್ಲ ಅಂದರು ಅತ್ತೆ. ಡಬ್ಬಿಯ ಮಾತು ಬೆಳೆಯುತ್ತಾ ಹೋಯಿತು. ಹುಡುಗಿ ಕಾದು ಕಾದು, ತಾನೇ ಒಂದು ತಾರೀಕು ಹಾಕಿಕೊಂಡಳು.

"ಕೊಬ್ಬರಿ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?"

ಕೈಗೆ ಸಿಕ್ಕ ಒಂದು ಕಾಯನ್ನು ಅವಳಿಗೆ ಕೊಟ್ಟೆ. ನಾನೇ ಅಲ್ಲಾಡಿಸಲು ಮನಸ್ಸಾಗಲಿಲ್ಲ. ಅವಳು ಅದನ್ನು ಫೋನಿನ ಹಾಗೆ ಕಿವಿಗೆ ಹಿಡಿದು, ಎರಡೂ ಕೈಯಲ್ಲಿ ಜೋರಾಗಿ ಅಲ್ಲಾಡಿಸಿದಳು. ಗಡಗಡ ಅಂದಿತು. ಕೆಳಗೆ ಡಬ್ಬಿಯ ಮಾತು ನಿಂತಿತು.

"ಹೀಗಂದ್ರೆ ಏನರ್ಥ ಆಂಟಿ?"

ನಾನು ಬಾಯಿ ತೆಗೆಯುವ ಮೊದಲೇ ಕೆಳಗಿನಿಂದ ಮೈದುನ ಕೂಗಿದ. "ಇನ್ನೂ ನೀರೈತೆ ಮೇಡಂ! ಈ ಸಲ ಮಳೆ ಜಾಸ್ತಿ!"

ಅವನು ಬೆಳಗಿನಿಂದ ಹೇಳಿದ ಸುಳ್ಳುಗಳಲ್ಲಿ ಅದೊಂದು ನನಗಾಗಿ ಹೇಳಿದ್ದು. ನನಗೆ ನಗು ಬಂತು. ಅಟ್ಟದ ಮೇಲೆ, ಆ ಕಾಯಿಗಳ ನಡುವೆ, ಅವರು ಹೋದ ಮೇಲೆ ಅಲ್ಲಿ ನಾನು ನಕ್ಕದ್ದು ಅದೇ ಮೊದಲು.

"ಇಲ್ಲ ಕಣಮ್ಮ, ಆಗಿದೆ. ಆಗಿ ಮೂರು ತಿಂಗಳೇ ಆಯಿತು" ಅಂದೆ.

ಕೆಳಗೆ ಅತ್ತೆ, "ಹಂಗಾರೆ ಸುಲಿಯೋರಿಗೆ ಹೇಳಿ ಬಾರ್ಲಾ" ಅಂತ ಮೈದುನನಿಗೆ ಹೇಳಿದ್ದು ಕೇಳಿಸಿತು.

ಡ್ರೈಯರ್, ಜನರೇಟರ್ ಎರಡೂ ತುರುವೇಕೆರೆಗೆ ವಾಪಸ್ ಹೋದವು. ಕಾಯಿ ಇಳಿಸಿ ಸುಲಿದಾಗ ಕೆಲವಕ್ಕೆ ಹುಳ ಬಿದ್ದಿತ್ತು, ನಾನು ಹೆದರಿದಷ್ಟೇನೂ ಇರಲಿಲ್ಲ. ನಮ್ಮ ಹೆಸರು ಪಟ್ಟಿಯಲ್ಲಿ ಉಳಿಯಿತು. ಒಂದೊಂದು ಮನೆಯಿಂದ ಒಂದೊಂದು ಟೆಂಪೋ ಬೇಡ, ಅಕ್ಕಪಕ್ಕದವರೆಲ್ಲ ಸೇರಿ ಒಂದರಲ್ಲೇ ಕಳಿಸಿ ಅಂತ ಕಂಪನಿಯವರು ಹೇಳಿದ್ದರು. ಹಾಗಾಗಿ ನಮ್ಮ ಚೀಲಗಳು ಈ ಸಲ ಪಕ್ಕದ ಮನೆಯವರ ಚೀಲಗಳ ಜೊತೆ ಹೋದವು. ಆ ನೆಪದಲ್ಲಿ ಗಿಣ್ಣಿನ ಡಬ್ಬಿಯೂ ವಾಪಸ್ ಬಂತು.

ಹುಡುಗಿ ಎರಡನೇ ಸಲ ಬಂದಾಗ ತಿಪಟೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಅಂಗಳಕ್ಕೆ ಕಾಲಿಡುವ ಮೊದಲೇ ಅದನ್ನು ಅತ್ತೆಗೆ ಹೇಳಿದಳು. ಅತ್ತೆ ದೊಡ್ಡ ಲೋಟದ ತುಂಬ ಮಜ್ಜಿಗೆ ಕೊಟ್ಟು, "ಕುಡಿ. ತೇಗಿದ್ರೆ ನಿಂದೂ ಬರ್ಕೋ" ಅಂದರು.

ಅವಳು ಹೋದ ಮಾರನೇ ದಿನ ಖಾಲಿ ಅಟ್ಟಕ್ಕೆ ಹೊಸ ಕಾಯಿ ಏರಿಸಿದೆವು. ಕೊನೆಯ ಬುಟ್ಟಿ ಸುರಿದ ಮೇಲೆ ಮೈದುನ ತೊಲೆಯ ಸಂದಿಯಲ್ಲಿ ಕೈ ಆಡಿಸಿ, ಅಣ್ಣ ಸಿಕ್ಕಿಸಿಟ್ಟಿದ್ದ ಇದ್ದಲಿನ ಚೂರು ತೆಗೆದು ನನ್ನ ಕೈಗೆ ಕೊಟ್ಟ. "ನೀವೇ ಬರೀರಿ ಅತ್ಗೆ."

ಅವರು ಬರೆದ ಸಾಲಿನ ಕೆಳಗೆ ಬರೆದೆ.

"ಏನ್ ಬರ್ದೆ? ಜೋರಾಗಿ ಓದೇ" ಅಂದರು ಕೆಳಗಿನಿಂದ ಅತ್ತೆ.

"ಎಮ್ಮೆ ತೇಗು ಬರೆದುಕೊಂಡ ಹುಡುಗಿ ರೈಲಿನಲ್ಲಿ ಬಂದ ಮಾರನೇ ದಿನ ಏರಿಸಿದ್ದು."

ಅತ್ತೆ ಮೂಗೇರಿಸಿ, "ತಾರೀಕೂ ಹಾಕ್ ಬುಡು. ಆ ಹೆಣ್ಮಗ ಇನ್ನೊಂದ್ ಸಲ ಬಂದು ಪೇಚಾಡ್ತದೆ" ಅಂದರು.

ತಾರೀಕನ್ನೂ ಹಾಕಿದೆ.