ನಮ್ಮ ಪ್ರಿಂಟರ್ ಮತ್ತು ಕಾರ್ಕಳದ ಕಲ್ಲು

ಬನ್ನಂಜೆಯ ನಮ್ಮ ಆಫೀಸಿನಲ್ಲಿ ಇರುವುದು ಮೂರು ಮಂದಿ, ಮೂರು ಕಂಪ್ಯೂಟರ್, ಒಂದು ಪ್ರಿಂಟರ್. ಮನೆಗಳ ನಕ್ಷೆ ಬರೆಯುವವಳು ನಾನು, ನನ್ನದು ಮ್ಯಾಕ್. ಎಸ್ಟಿಮೇಟು, ಕೊಟೇಶನ್ನು, ಪಂಚಾಯತಿನ ಕಾಗದಪತ್ರ ನೋಡುವವಳು ನನ್ನ ಅಕ್ಕ. ಹದಿನೈದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ, ನನ್ನ ಒತ್ತಾಯಕ್ಕೆ ಇಲ್ಲಿಗೆ ಬಂದವಳು, ಅವಳದು ವಿಂಡೋಸ್. ವಾರಕ್ಕೆ ಎರಡು ದಿನ ಮಣಿಪಾಲದಿಂದ ಬಂದು ಕಂಬ, ಬೀಮುಗಳ ಲೆಕ್ಕ ಮಾಡಿಕೊಡುವ ಎಂಜಿನಿಯರನದು ಲಿನಕ್ಸ್. ಅವನು ಅದರ ಬಗ್ಗೆ ಮಾತು ಶುರುಮಾಡಿದರೆ ನಮ್ಮ ಚಹಾ ತಣ್ಣಗಾಗುತ್ತದೆ.

ಒಂದೇ ಕೊಟೇಶನ್ನು ಮೂರು ಕಂಪ್ಯೂಟರಿನಿಂದ ಮೂರು ಥರ ಬರುತ್ತಿತ್ತು. ನನ್ನಲ್ಲಿ ಒಂದು ಪುಟಕ್ಕೆ ಸರಿಯಾಗಿ ಕೂತದ್ದು ಅಕ್ಕನಲ್ಲಿ ತೆರೆದರೆ ಎರಡನೇ ಪುಟಕ್ಕೆ ಹಾರಿ, ಆ ಪುಟದಲ್ಲಿ ಸಹಿಯ ಜಾಗ ಮಾತ್ರ ಇರುತ್ತಿತ್ತು. ಮಣಿಪಾಲದವನ ಕಡೆಯಿಂದ ಹೊರಟರೆ ಅಕ್ಷರಗಳೇ ಬೇರೆ. ಮಲ್ಪೆಯ ಐಸ್ ಪ್ಲಾಂಟಿನವರೊಬ್ಬರು ನಮ್ಮ ಎರಡು ಕಾಗದ ಪಕ್ಕಪಕ್ಕ ಇಟ್ಟು, ನಿಮ್ಮದು ಎರಡು ಕಂಪನಿಯಾ ಎಂದು ಕೇಳಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವೂ ಹಾಗೆಯೇ ಒಬ್ಬರು ಇನ್ನೊಬ್ಬರ ಕಂಪ್ಯೂಟರನ್ನು ಬೈಯುತ್ತಿದ್ದೆವು. ನಿಜ ಹೇಳಬೇಕೆಂದರೆ ಹೆಚ್ಚು ಬೈದವಳು ನಾನೇ. ದುಬಾರಿ ಯಂತ್ರ ಇಟ್ಟುಕೊಂಡವಳು ತಪ್ಪು ಮಾಡುವುದಿಲ್ಲ ಎಂಬ ಜಂಬ ನನಗಿತ್ತು.

ಆಗ ಕಾಪುವಿನಲ್ಲಿ ಮೀನು ವ್ಯಾಪಾರದ ಹೆಂಗಸೊಬ್ಬರ ಮನೆ ಮುಗಿಯುತ್ತಾ ಬಂದಿತ್ತು. ಅಂಗಳದ ತುಳಸಿಕಟ್ಟೆಗೆ ಕಪ್ಪು ಕಲ್ಲೇ ಆಗಬೇಕು, ಅದರಲ್ಲಿ ಮಲ್ಲಿಗೆ ಬಳ್ಳಿ ಇರಬೇಕು ಎಂಬುದು ಅವರ ಆಸೆ. ಕಾರ್ಕಳದ ಶಿಲ್ಪಿಯೊಬ್ಬರು ತುಂಬ ಹುಡುಕಿ ಒಂದು ಬಿರುಕೂ ಇಲ್ಲದ ಕಲ್ಲು ಆರಿಸಿಟ್ಟಿದ್ದರು. ನಕ್ಷೆಯನ್ನು ಕಲ್ಲಿನಷ್ಟೇ ಅಳತೆಯಲ್ಲಿ ಪ್ರಿಂಟ್ ಮಾಡಿ ಕೊಟ್ಟರೆ, ಅದನ್ನು ಕಲ್ಲಿಗೆ ಅಂಟಿಸಿ ಗೆರೆಯ ಮೇಲೆಯೇ ಉಳಿ ಇಡುವುದು ಅವರ ಕ್ರಮ. ಒಂದು ಹಾಳೆಯಲ್ಲಿ ಹಿಡಿಯಲಿಲ್ಲವೆಂದು ಬಳ್ಳಿಯನ್ನು ಎರಡು ಹಾಳೆ ಮಾಡಿದೆ. ಎಡದ ಹಾಳೆ ನನ್ನ ಮ್ಯಾಕ್‌ನಿಂದ ಬಂತು. ಬಲದ್ದರ ಸರದಿ ಬಂದಾಗ ನನ್ನ ಯಂತ್ರಕ್ಕೆ ಪ್ರಿಂಟರೇ ಕಾಣಿಸಲಿಲ್ಲ. ಅಕ್ಕನಿಗೆ ಕಳಿಸಿದೆ, ಅವಳು ತನ್ನ ವಿಂಡೋಸ್‌ನಿಂದ ತೆಗೆದುಕೊಟ್ಟಳು. ಎರಡನ್ನೂ ಸುರುಳಿ ಸುತ್ತಿ ಕಾರ್ಕಳದ ಬಸ್ಸಿನಲ್ಲಿ ಕಳಿಸಿಬಿಟ್ಟೆವು. ಒಮ್ಮೆ ಜೋಡಿಸಿ ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಮೂರನೇ ದಿನ ಶಿಲ್ಪಿಯ ಫೋನ್ ಬಂತು. ನಡುವಿನಲ್ಲಿ ಬಳ್ಳಿ ಕೂಡುವುದಿಲ್ಲ, ಒಂದು ಹಾಳೆಗೂ ಇನ್ನೊಂದಕ್ಕೂ ಕಾಲು ಇಂಚು ವ್ಯತ್ಯಾಸ ಉಂಟು, ನೀವು ಬಂದು ನೋಡುವವರೆಗೆ ಉಳಿ ಮುಟ್ಟುವುದಿಲ್ಲ ಎಂದರು. ನಾನು ಫೋನ್ ಇಟ್ಟವಳೇ ಅಕ್ಕನ ಕಡೆ ತಿರುಗಿ, ನಿನ್ನ ಕೈಗೆ ಒಂದು ಹಾಳೆ ಕೊಟ್ಟದ್ದೇ ತಪ್ಪಾಯಿತು ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗೊತ್ತಿಲ್ಲದವಳೇನಲ್ಲ ನಾನು. ಆದರೂ ಸುಮ್ಮನಾಗಲಿಲ್ಲ, ವಿಂಡೋಸಿನ ಜಾತಕವನ್ನೂ ಬಿಡಿಸಿಟ್ಟೆ.

ಅಕ್ಕ ಜಗಳ ಮಾಡುವವಳಲ್ಲ. ಕೈಯಲ್ಲಿದ್ದ ಫೈಲು ಮುಚ್ಚಿದಳು.

"ನಾನು ಪುನಃ ಟ್ಯೂಶನ್ ಶುರು ಮಾಡ್ತೇನೆ. ನಿನ್ನ ಕೆಲಸಕ್ಕೆ ನಾನು ಅಡ್ಡ ಬರುವುದು ಬೇಡ" ಎಂದಳು.

ನನಗೆ ಒಳಗೊಳಗೇ ಹೆದರಿಕೆಯಾಯಿತು. ನಾನು ಬರೆದ ನಕ್ಷೆ ಮನೆಯಾಗಿ ಎದ್ದು ನಿಲ್ಲುವುದು ಅಕ್ಕನಿಂದ. ಅವಳಿಲ್ಲದಿದ್ದರೆ ಅದನ್ನು ನಮ್ಮ ಗೋಡೆಗೇ ಅಂಟಿಸಿಕೊಳ್ಳಬೇಕಿತ್ತು. ಆದರೆ ಹೋಗಬೇಡ ಎನ್ನಲು ಬಾಯಿ ಬರಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಕಾರ್ಕಳದ ಬಸ್ಸು ಹತ್ತಿದೆವು. ಮಣಿಪಾಲ, ಪರ್ಕಳ, ಹಿರಿಯಡ್ಕ ದಾಟುವವರೆಗೂ ಯಾವ ಯಂತ್ರ ಹಾಳೆಯನ್ನು ಹೇಗೆ ಕೆಡಿಸುತ್ತದೆ ಎಂದು ನಾನು ಪಾಠ ಮಾಡಿದೆ. ಸಣ್ಣ ಸ್ವರವೂ ಅಲ್ಲ ನನ್ನದು. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ಅಕ್ಕ ಹೂಂ, ಹೂಂ ಎನ್ನುತ್ತಾ ಕಿಟಕಿಯಾಚೆ ನೋಡುತ್ತಿದ್ದಳು.

ಶಿಲ್ಪಿ ಎರಡು ಹಾಳೆಗಳನ್ನೂ ಕಲ್ಲಿನ ಮೇಲೆ ಹಾಸಿ ಇಟ್ಟಿದ್ದರು. ಬಳ್ಳಿಯ ಸುತ್ತಲಿನ ಚೌಕಟ್ಟಿನ ಎತ್ತರ ಎಷ್ಟಿರಬೇಕು ಎಂದು ಕೇಳಿದರು. ಒಂದು ಅಡಿ ಎಂದೆ. ಉಕ್ಕಿನ ಸ್ಕೇಲು ಬಲದ ಹಾಳೆಯ ಮೇಲೆ ಇಟ್ಟರು, ಸರಿಯಾಗಿ ಒಂದು ಅಡಿ. ಎಡದ ಹಾಳೆಯ ಮೇಲೆ ಇಟ್ಟರು, ಹನ್ನೊಂದು ಮುಕ್ಕಾಲು ಇಂಚು.

"ಎಡದ್ದು ಯಾರದ್ದು?" ಎಂದು ಕೇಳಿದರು.

ನನ್ನದು. ಹಿಂದಿನ ವಾರ ಯಾವುದೋ ನಕ್ಷೆಗಾಗಿ ಮ್ಯಾಕ್‌ನ ಪ್ರಿಂಟ್ ಸೆಟ್ಟಿಂಗಿನಲ್ಲಿ, ಹಾಳೆಗೆ ಹೊಂದುವಂತೆ ಕುಗ್ಗಿಸು ಎಂಬಲ್ಲಿ ಗುರುತು ಹಾಕಿದವಳು ಅದನ್ನು ತೆಗೆಯಲು ಮರೆತಿದ್ದೆ. ಹೇಳಿದಷ್ಟು ಮಾಡಿದ ಯಂತ್ರವನ್ನು ಬೈಯುವ ಹಾಗೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ನಾವಿಬ್ಬರೂ ಜೋಡಿಸಿ ನೋಡಬೇಕಿತ್ತು, ನಾಳೆ ಸರಿಯಾದದ್ದು ಕಳಿಸುತ್ತೇವೆ ಎಂದು ಶಿಲ್ಪಿಗೆ ಹೇಳಿದಳು. ಅವರು ನಕ್ಕು, ಕಾಗದವಾದ ಕಾರಣ ಬಚಾವು ಎಂದರು.

ಹಿಂತಿರುಗುವ ಬಸ್ಸಿಗೆ ಕಾಯುವಾಗ ನಾನು, ತಪ್ಪು ನನ್ನದು ಅಕ್ಕ ಎಂದೆ.

"ಗೊತ್ತುಂಟು ಮಾರಾಯ್ತಿ. ನಿನ್ನೆ ನೀನು ಹೋದ ಮೇಲೆ ಎಡದ್ದು ನಿನ್ನದರಿಂದ, ಬಲದ್ದು ನನ್ನದರಿಂದ ಪುನಃ ಪ್ರಿಂಟ್ ತೆಗೆದು ಅಳೆದು ನೋಡಿದ್ದೆ."

"ಮತ್ತೆ ಬರುವಾಗ ಯಾಕೆ ಹೇಳಲಿಲ್ಲ?"

"ಬಸ್ಸು ತುಂಬ ಜನ ಇದ್ದರಲ್ವಾ. ಅವರ ಎದುರು ಎಂತ ಹೇಳುವುದು?"

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇವಳು ಬಿಟ್ಟುಹೋದರೆ ನಾನೇನು ಮಾಡಲಿ ಎಂದು ಅಳು ಬಂದಂತಾಯಿತು.

ಮರುದಿನ ಮಣಿಪಾಲದವನು ಬಂದಾಗ ಮೂವರೂ ಕೂತು ಒಂದು ಕ್ರಮ ಮಾಡಿಕೊಂಡೆವು. ಯಾರು ಯಾವುದರಲ್ಲಿ ಬೇಕಾದರೂ ಕೆಲಸ ಮಾಡಲಿ. ಮುಗಿದ ಮೇಲೆ ಪಿಡಿಎಫ್ ಮಾಡಿ ಒಂದೇ ಕಂಪ್ಯೂಟರಿಗೆ ಕಳಿಸಬೇಕು. ಪ್ರಿಂಟರ್ ಜೋಡಿಸುವುದು ಅದಕ್ಕೆ ಮಾತ್ರ. ನಕ್ಷೆಯಾದರೆ ಮೂಲೆಯಲ್ಲಿ ನಾಲ್ಕು ಇಂಚಿನ ಒಂದು ಗೆರೆ ಇರಬೇಕು, ಅದನ್ನು ಅಳೆಯದೆ ಹಾಳೆ ಹೊರಗೆ ಹೋಗಬಾರದು. ಹಾಗೆ ಹೋದ ಹೊಸ ಹಾಳೆಗಳಿಂದಲೇ ಕಾಪುವಿನ ಕಟ್ಟೆ ಗೃಹಪ್ರವೇಶಕ್ಕೆ ಮುಂಚೆ ಕೂತಿತು, ಬಳ್ಳಿ ಎಲ್ಲೂ ತುಂಡಾಗದೆ.

ಆದರೆ ಕ್ರಮ ಮಾಡಿಕೊಂಡ ದಿನ, ಆ ಒಂದು ಕಂಪ್ಯೂಟರ್ ಯಾವುದು ಎಂದು ಮಣಿಪಾಲದವನು ಕೇಳಿದ್ದ, ಲಿನಕ್ಸ್ ಎನ್ನುತ್ತೇವೆ ಎಂಬ ಆಸೆಯಿಂದ. ನಾನು ಎದ್ದು, ಪ್ರಿಂಟರನ್ನು ತಂತಿ ಸಮೇತ ಎತ್ತಿ ಅಕ್ಕನ ಮೇಜಿಗೆ ಒಯ್ದೆ. ಅಷ್ಟರಲ್ಲಿ ಅಕ್ಕ ಯಾರಲ್ಲೋ ಫೋನಿನಲ್ಲಿ ಮಾತಾಡುತ್ತಿದ್ದಳು. ಈ ವರ್ಷ ಟ್ಯೂಶನ್ ಆಗುವುದಿಲ್ಲ, ಮೊನ್ನೆ ಒಪ್ಪಿಕೊಂಡದ್ದು ತಪ್ಪಾಯಿತು, ಆಫೀಸಿನಲ್ಲಿ ಪುರುಸೊತ್ತೇ ಸಿಗುವುದಿಲ್ಲ ಎನ್ನುತ್ತಾ, ನನ್ನ ಕೈಯಲ್ಲಿದ್ದ ಪ್ರಿಂಟರಿಗೆ ಜಾಗ ಮಾಡಿಕೊಡಲು ಇನ್ನೊಂದು ಕೈಯಿಂದ ಫೈಲುಗಳನ್ನು ಸರಿಸಿದಳು.